ಕೊನೆಯ ತಿರುಪು ಬಿಗಿದವರು

ಜನವರಿ 21

ಮುಖ್ಯಸ್ಥರಿಗೆ,
ಮೆಕ್ಯಾನಿಕಲ್ ಎಂಜಿನಿಯರಿಂಗ್ ವಿಭಾಗ

ಮಾನ್ಯರೇ,

ಕೆಲಸದಲ್ಲಿರುವವರಿಗಾಗಿ ನಿಮ್ಮ ವಿಭಾಗದಲ್ಲಿ ಎರಡು ಸೀಟು ಇಟ್ಟಿದ್ದೀರಿ. ಅವುಗಳಲ್ಲಿ ಒಂದಕ್ಕೆ ಈ ಅರ್ಜಿ. ನನಗೆ ಈ ಆಗಸ್ಟಿಗೆ ಇಪ್ಪತ್ತೆಂಟು ತುಂಬುತ್ತದೆ. ಆಮೇಲೆ ಅರ್ಜಿ ಹಾಕುವಂತಿಲ್ಲ ಎಂದು ನಿಮ್ಮ ನಿಯಮ ಹೇಳುತ್ತದೆ. ಹಾಗಾಗಿ ಇದು ನನ್ನ ಮೊದಲನೆಯ ಅರ್ಜಿಯೂ ಹೌದು, ಕೊನೆಯದೂ ಹೌದು.

ಹತ್ತು ವರ್ಷದಿಂದ ಲಿಫ್ಟ್ ರಿಪೇರಿ ಮಾಡುತ್ತಿದ್ದೇನೆ. ಅಪ್ಪನದೂ ಇದೇ ಕೆಲಸವಾಗಿತ್ತು. ಕೈಯಾರೆ ಮಾಡಿದ ಒಂದು ವಸ್ತುವಿನ ಬಗ್ಗೆ ಬರೆಯಿರಿ ಎಂದು ಕೇಳಿದ್ದೀರಿ. ನಮ್ಮೂರಿನ ಹೆರಿಗೆ ಆಸ್ಪತ್ರೆಯ ಲಿಫ್ಟಿಗೆ ಜಾಲರಿ ಬಾಗಿಲು. ಜೋರಾಗಿ ಎಳೆದರೆ ಅದು ಬಡಿದು ಒಂದು ಬೆರಳಿನಷ್ಟು ಹಿಂದಕ್ಕೆ ಬರುತ್ತಿತ್ತು. ಬಾಗಿಲು ತೆರೆದಿದೆ ಎಂದುಕೊಂಡು ಲಿಫ್ಟ್ ಎರಡು ಮಹಡಿಗಳ ನಡುವೆ ನಿಂತುಬಿಡುತ್ತಿತ್ತು, ಒಳಗೆ ನೋವು ತಿನ್ನುವ ಹೆಂಗಸರನ್ನು ಇಟ್ಟುಕೊಂಡು. ಅಪ್ಪ ಮೂರು ಸಲ ಬಾಗಿಲನ್ನೇ ಸರಿಮಾಡಿ ನೋಡಿದರು. ನನಗೆ ಆಗ ಹದಿನೇಳು. ತಪ್ಪು ಬಾಗಿಲಿನದಲ್ಲ, ಅದು ಬಡಿಯುವ ಜಾಗದ್ದು ಅನ್ನಿಸಿತು. ಹಳೆಯ ಗರಗಸದ ಪಟ್ಟಿಯೊಂದನ್ನು ಬಿಸಿಮಾಡಿ ಬಗ್ಗಿಸಿ, ತುದಿಗೊಂದು ಸಣ್ಣ ಉರುಳೆ ಕೂರಿಸಿ ಕೊಂಡಿ ಮಾಡಿದೆ. ಬಾಗಿಲು ಬಂದು ಬಡಿದರೆ ಪಟ್ಟಿ ಬಗ್ಗಿ ಆ ಹೊಡೆತವನ್ನು ತಾನೇ ನುಂಗುತ್ತದೆ. ಅಂದಿನಿಂದ ಆ ಲಿಫ್ಟ್ ನಡುವೆ ನಿಂತಿಲ್ಲ.

ಆ ದಿನದ ಕೆಲಸದ ಪುಸ್ತಕದಲ್ಲಿ ನನ್ನ ಹೆಸರಿಲ್ಲ. ಅದಕ್ಕೆ ಕಾರಣ ಮನೆಯ ವಿಷಯ, ಇಲ್ಲಿ ಬೇಡ. ಕೊಂಡಿಯ ನಕ್ಷೆ ಬಿಡಿಸಿ ಇಟ್ಟಿದ್ದೇನೆ. ನಂಬಿಕೆ ಬಾರದಿದ್ದರೆ ಆಸ್ಪತ್ರೆಗೆ ಹೋಗಿ ಬಾಗಿಲು ಎಳೆದು ನೋಡಬಹುದು.

ಇಂತು,
ಲಿಫ್ಟ್ ಮೆಕ್ಯಾನಿಕ್, ಅರ್ಜಿ ಸಂಖ್ಯೆ 17


ಫೆಬ್ರವರಿ 4

ಅಕ್ಕಾ,

ವಾರ್ಡನ್ ಕೋಣೆಯ ಫೋನಿನಲ್ಲಿ ಮಾತಾಡಿದರೆ ಅರ್ಧ ಹಾಸ್ಟೆಲಿಗೆ ಕೇಳಿಸುತ್ತದೆ, ಅದಕ್ಕೇ ಕಾಗದ. ಅಪ್ಪನ ಕಣ್ಣು ಹೇಗಿದೆ? ಪೇಪರಿನ ದಪ್ಪಕ್ಷರವಾದರೂ ಕಾಣುತ್ತದೆಯೋ, ಎಲ್ಲವನ್ನೂ ನೀನೇ ಓದಿ ಹೇಳಬೇಕೋ?

ಮೊದಲ ವರ್ಷ ನಮಗೆಲ್ಲ ಒಂದೇ ಪಾಠ ಅಂತ ಹೇಳಿದ್ದೆನಲ್ಲ. ಎರಡನೆಯ ವರ್ಷ ಯಾವ ವಿಭಾಗ ಅಂತ ಈಗ ಅರ್ಜಿ ಹಾಕಬೇಕು. ಮೆಕ್ಯಾನಿಕಲ್‌ಗೆ ಇರುವುದು ಮೂವತ್ತಾರು ಸೀಟು, ಕಣ್ಣಿಟ್ಟಿರುವವರು ನಾನೂರು ಜನ. ಅಂಕ ಮಾತ್ರ ನೋಡಿದರೆ ನಾನು ಎಪ್ಪತ್ತನೆಯವಳೋ ಎಂಬತ್ತನೆಯವಳೋ. ಆದರೆ ಅಂಕಕ್ಕೆ ಅರ್ಧ ತೂಕವಂತೆ. ಉಳಿದರ್ಧ ಒಂದು ಬರಹಕ್ಕೆ: ಕೈಯಾರೆ ಮಾಡಿದ ಒಂದು ವಸ್ತು, ಅದಕ್ಕೊಂದು ಪುರಾವೆ. ನನ್ನ ಕೋಣೆಯವಳು ಜನ್ಮದಲ್ಲಿ ಒಂದು ಬಲ್ಬು ಬದಲಿಸಿದವಳಲ್ಲ, ಎರಡು ದಿನದಿಂದ ಪೆನ್ನು ಕಚ್ಚಿಕೊಂಡು ಕೂತಿದ್ದಾಳೆ. ನನಗೆ ಯೋಚನೆಯೇ ಬೇಕಾಗಲಿಲ್ಲ.

ಅಪ್ಪನ ಕೆಲಸದ ಪುಸ್ತಕದಲ್ಲಿ ಹೆರಿಗೆ ಆಸ್ಪತ್ರೆಯ ಹಾಳೆ ಇದೆಯಲ್ಲ, 'ಮಾಡಿದವರು' ಅನ್ನುವ ಕಡೆ ನನ್ನ ಹೆಸರು, 'ನೋಡಿದವರು' ಅನ್ನುವ ಕಡೆ ಅಪ್ಪನ ರುಜು. ಆ ಹಾಳೆ ಬೇಕು. ಒಂಬತ್ತು ವರ್ಷದ ಹುಡುಗಿ ಮಾಡಿದ ಕೊಂಡಿ ಹತ್ತು ವರ್ಷವಾದರೂ ಕೆಲಸ ಮಾಡುತ್ತಿದೆ ಅಂದರೆ ಯಾವ ಪ್ರೊಫೆಸರ್ ತಾನೇ ಬೇಡ ಅಂತಾನೆ?

ಬೇರೆ ಯಾವ ವಿಭಾಗವನ್ನೂ ಅರ್ಜಿಯಲ್ಲಿ ಬರೆದಿಲ್ಲ. ಎರಡನೆಯ, ಮೂರನೆಯ ಆಯ್ಕೆಯ ಜಾಗ ಖಾಲಿ ಬಿಟ್ಟಿದ್ದೇನೆ. ಬೈಯಬೇಡ. ನನಗೆ ಬೇರೆ ಏನಾಗುವುದಕ್ಕೂ ಗೊತ್ತಿಲ್ಲ.

ನಿನ್ನ,
ತಿರುಪು


ಫೆಬ್ರವರಿ 13

ತಿರುಪಮ್ಮನವರಿಗೆ,

ಅಪ್ಪನಿಗೆ ಈಗ ದಪ್ಪಕ್ಷರವೂ ಕಾಣುವುದಿಲ್ಲ. ಆದರೂ ಪೇಪರ್ ಮೊದಲು ತನ್ನ ಕೈಗೇ ಬರಬೇಕು. ಮಡಿಕೆ ಸರಿಮಾಡಿ, "ಹೂಂ, ಓದು" ಅಂತ ನನ್ನ ಕೈಗೆ ಕೊಡುತ್ತಾರೆ. ನಾನು ನಡುವೆ ಒಂದು ಸಾಲು ಹಾರಿಸಿದರೂ ಗೊತ್ತಾಗಿಬಿಡುತ್ತದೆ.

ಆ ಹಾಳೆ ಟ್ರಂಕಿನಲ್ಲಿದೆ, ಹುಡುಕಬೇಕು. ಅಷ್ಟರಲ್ಲಿ ಬೇರೆ ಏನಾದರೂ ಬರೆಯಬಹುದೇನೋ ನೋಡು. ನೀನು ಶಾಲೆಯಲ್ಲಿದ್ದಾಗ ಹೊಲಿಗೆ ಯಂತ್ರಕ್ಕೆ ಮೋಟಾರು ಕೂರಿಸಿ ಇನ್ನೇನು ಎದುರು ಮನೆ ಟೈಲರಮ್ಮನ ಬೆರಳನ್ನೇ ಹೊಲಿದುಬಿಡುತ್ತಿದ್ದೆಯಲ್ಲ, ಅದು. ಇಲ್ಲವೇ ನಮ್ಮ ನೀರಿನ ತೊಟ್ಟಿಗೆ ಮಾಡಿದ ಗಂಟೆ. ಅದಂತೂ ಅಪ್ಪಟ ನಿನ್ನದೇ ತಲೆ. ನಾನು ನೋಡುತ್ತಾ ನಿಂತಿದ್ದೆ, ಒಂದು ಮಾತೂ ಹೇಳಿಕೊಟ್ಟಿರಲಿಲ್ಲ.

ಇನ್ನೊಂದು ವಿಷಯ. ನಮ್ಮ ಕೆಲಸದಲ್ಲಿ ಕೊನೆಯ ತಿರುಪು ಬಿಗಿದವರ ಹೆಸರನ್ನೇ 'ಮಾಡಿದವರು' ಅಂತ ಬರೆಯುವುದು ರೂಢಿ. ನಾಳೆ ಏನಾದರೂ ಕಳಚಿಕೊಂಡರೆ ಯಾರನ್ನು ಕೇಳಬೇಕು ಅಂತ ಗೊತ್ತಿರಲಿ ಅಂತ, ಅಷ್ಟೆ. ನಿಮ್ಮ ಪ್ರೊಫೆಸರುಗಳು ಆ ಪದವನ್ನು ಬೇರೆ ರೀತಿ ತಿಳಿದುಕೊಳ್ಳಬಹುದು. ಆ ದಿನದ ಬಗ್ಗೆ ನಿನಗೆ ಏನೇನು ನೆನಪಿದೆ, ಸರಿಯಾಗಿ ಬರೆ.

ಅಕ್ಕ


ಫೆಬ್ರವರಿ 20

ಅಕ್ಕಾ,

ಒಂದು ಹಾಳೆ ಕೇಳಿದರೆ ಯಾಕಿಷ್ಟು ಹಿಂದೇಟು? ತೊಟ್ಟಿಯ ಗಂಟೆಯಂತೆ. ಅದನ್ನು ಯಾರು ಬೇಕಾದರೂ ಮಾಡುತ್ತಾರೆ.

ನನಗೆ ಎಲ್ಲ ನೆನಪಿದೆ. ಅಮ್ಮ ಹೋಗಿ ನಾಲ್ಕು ತಿಂಗಳಾಗಿತ್ತು. ಮನೆಯಲ್ಲಿ ನನ್ನನ್ನು ಬಿಡಲು ಯಾರೂ ಇಲ್ಲ ಅಂತ ಅಪ್ಪ ಇಬ್ಬರನ್ನೂ ಆಸ್ಪತ್ರೆಗೆ ಕರೆದುಕೊಂಡು ಹೋದರು. ನೀನು ಟಾರ್ಚ್ ಹಿಡಿದಿದ್ದೆ. ಗರಗಸದ ಪಟ್ಟಿ ಕೆಂಪಗೆ ಕಾದು ಇಕ್ಕಳದಲ್ಲಿ ಮೆತ್ತಗೆ ಬಗ್ಗಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ತಿರುಪುಳಿಯ ಹಿಡಿ ಒದ್ದೆಯಾಗಿತ್ತು. ಆಮೇಲೆ ಅಪ್ಪ ಪುಸ್ತಕ ತೋರಿಸಿದರು, ನಾನು ನನ್ನ ಹೆಸರನ್ನು ಜೋರಾಗಿ ಓದಿದೆ, ನೀವಿಬ್ಬರೂ ಯಾಕೋ ಅಳುತ್ತಿದ್ದಿರಿ.

ಇಲ್ಲಿ ಮೊದಲ ಪರೀಕ್ಷೆಯಲ್ಲಿ ಗಣಿತದಲ್ಲಿ ಮಣ್ಣು ಮುಕ್ಕಿದಾಗ ಗಂಟುಮೂಟೆ ಕಟ್ಟಿದ್ದೆ, ನಿಮಗೆ ಹೇಳಿಲ್ಲ. ಆಮೇಲೆ ಆ ಹಾಳೆಯನ್ನು ನೆನೆಸಿಕೊಂಡೆ. ಒಂಬತ್ತು ವರ್ಷಕ್ಕೆ ಅದನ್ನು ಮಾಡಿದವಳು ಇದನ್ನೂ ಮಾಡುತ್ತಾಳೆ ಅಂತ ಗಂಟು ಬಿಚ್ಚಿದೆ. ಕಳಿಸು ಅಕ್ಕಾ, ಮಾರ್ಚ್ ಐದು ಕೊನೆಯ ದಿನ.

ತಿರುಪು


ಫೆಬ್ರವರಿ 27

ಹಾಳೆ ಇದರ ಜೊತೆಗಿದೆ. ಮಡಿಸಬೇಡ, ಮಡಿಕೆಯಲ್ಲಿ ಹರಿಯುತ್ತದೆ. ಇವತ್ತು ಮೂರು ಲಿಫ್ಟ್ ಕೆಟ್ಟಿವೆ, ಹೆಚ್ಚು ಬರೆಯಲು ಪುರುಸೊತ್ತಿಲ್ಲ. ಗಂಟುಮೂಟೆ ಕಟ್ಟಿದ ಸುದ್ದಿಯನ್ನು ಅಪ್ಪನಿಗೆ ಓದಿ ಹೇಳಲಿಲ್ಲ. ಆ ಸಾಲು ಹಾರಿಸಿದ್ದು ಅವರಿಗೆ ಗೊತ್ತಾಯಿತು. "ಏನೋ ಬಿಟ್ಟೆ" ಅಂದರು. ಇಲ್ಲ ಅಂದೆ.

ಅಕ್ಕ


ಏಪ್ರಿಲ್ 9

ಶ್ರೀಯುತರಿಗೆ,

ನಮ್ಮ ವಿಭಾಗಕ್ಕೆ ಬಂದಿರುವ ಎರಡು ಅರ್ಜಿಗಳಲ್ಲಿ, ಒಂದು ಪ್ರಥಮ ವರ್ಷದ ವಿದ್ಯಾರ್ಥಿನಿಯದು, ಇನ್ನೊಂದು ಕೆಲಸದಲ್ಲಿರುವವರದು, ಒಂದೇ ಆಸ್ಪತ್ರೆಯ ಒಂದೇ ಲಿಫ್ಟಿನ ಬಾಗಿಲ ಕೊಂಡಿಯನ್ನು ತಾವೇ ಮಾಡಿದ್ದಾಗಿ ಹೇಳಲಾಗಿದೆ. ಇಬ್ಬರೂ ತಮ್ಮ ಪುತ್ರಿಯರೆಂದು ತಿಳಿದುಬರುತ್ತದೆ. ಲಗತ್ತಿಸಿದ ಹಾಳೆಯಲ್ಲಿ 'ನೋಡಿದವರು' ಎಂದು ತಮ್ಮ ರುಜು ಇದೆ.

ಆ ವಸ್ತುವನ್ನು ಯೋಚಿಸಿ ಮಾಡಿದವರು ಯಾರು ಎಂಬುದನ್ನು ಹದಿನೈದು ದಿನಗಳೊಳಗೆ ಬರೆದು ತಿಳಿಸಬೇಕು. ಇಬ್ಬರೂ ಎಂಬ ಉತ್ತರವನ್ನು ಪರಿಗಣಿಸುವುದಿಲ್ಲ. ಯಾರ ಹೇಳಿಕೆ ಸುಳ್ಳೆಂದು ಕಂಡುಬರುತ್ತದೋ ಅವರ ಅರ್ಜಿ ರದ್ದಾಗುತ್ತದೆ, ಮತ್ತೆ ಅರ್ಜಿ ಹಾಕಲು ಅವಕಾಶವಿರುವುದಿಲ್ಲ. ತೀರ್ಮಾನವಾಗುವವರೆಗೆ ಅರ್ಜಿದಾರರಿಗೆ ನಾವು ಏನನ್ನೂ ತಿಳಿಸುವುದಿಲ್ಲ.

ತಮ್ಮ ವಿಶ್ವಾಸಿ,
ವಿಭಾಗದ ಮುಖ್ಯಸ್ಥರು


ಏಪ್ರಿಲ್ 17

ಮಾನ್ಯರೇ,

ನಿಮ್ಮ ಕಾಗದ ತಲುಪಿತು. ನನ್ನ ಕಣ್ಣಿಗೆ ಅಕ್ಷರ ಕಾಣುವುದಿಲ್ಲ, ಹಾಗಾಗಿ ಇದನ್ನು ಹೇಳಿ ಬರೆಸಿದ್ದೇನೆ. ರುಜು ನನ್ನದೇ.

ಆ ಕೊಂಡಿಯನ್ನು ಮಾಡಿದ್ದು ನನ್ನ ಕಿರಿಯ ಮಗಳು. ಪುಸ್ತಕದಲ್ಲಿ ಇರುವುದೇ ನಿಜ. ಹಿರಿಯವಳು ಆ ದಿನ ಟಾರ್ಚ್ ಹಿಡಿದುಕೊಂಡು ನಿಂತಿದ್ದಳು. ಹತ್ತು ವರ್ಷದಿಂದ ಆ ಲಿಫ್ಟನ್ನು ಅವಳೇ ನೋಡಿಕೊಳ್ಳುತ್ತಿರುವುದರಿಂದ, ಬರುಬರುತ್ತಾ ಅದು ತನ್ನದೇ ಅನ್ನಿಸಿರಬೇಕು. ಆಸೆಗೆ ಬಿದ್ದು ಬರೆದಿದ್ದಾಳೆ. ಅವಳ ಅರ್ಜಿಯನ್ನು ತೆಗೆದುಹಾಕಿ. ಕಿರಿಯವಳಿಗೆ ಈ ವಿಷಯ ಯಾವುದೂ ಗೊತ್ತಿಲ್ಲ, ದಯವಿಟ್ಟು ಗೊತ್ತಾಗುವುದೂ ಬೇಡ.

ಇಂತು,
ನಿವೃತ್ತ ಲಿಫ್ಟ್ ಮೆಕ್ಯಾನಿಕ್
(ರುಜು)


ಮೇ 14

ಅಪ್ಪ, ಅಕ್ಕಾ,

ಸಿಕ್ಕಿತು. ಪಟ್ಟಿಯಲ್ಲಿ ಮೂವತ್ತನಾಲ್ಕನೆಯ ಹೆಸರು ನನ್ನದು. ಮೂರು ಸಲ ಬೆರಳಿಟ್ಟು ಓದಿದೆ. ಹಿಂದೆ ನಿಂತಿದ್ದವನೊಬ್ಬ, "ಓದಿದ್ದಾದ್ರೆ ಸ್ವಲ್ಪ ಸರಿತೀರಾ, ನಾವೂ ಅಳಬೇಕು" ಅಂದ. ಪಾಪ, ಅವನ ಹೆಸರು ಇರಲಿಲ್ಲ.

ಕೋಣೆಯವಳಿಗೂ ಸಿಗಲಿಲ್ಲ. ಅವಳೆದುರು ನಗುವುದು ಹೇಗೆ ಅಂತ ಮೆಟ್ಟಿಲ ಮೇಲೆ ಕೂತು ಈ ಕಾಗದ ಬರೆಯುತ್ತಿದ್ದೇನೆ. ಅಕ್ಕಾ, ಆ ಹಾಳೆಗೆ ನಿನ್ನನ್ನು ಎಷ್ಟು ಪೀಡಿಸಿದೆ. ನೀನು ಟ್ರಂಕು ಹುಡುಕದೇ ಹೋಗಿದ್ದರೆ ಇವತ್ತು ನಾನೂ ಗೋಡೆಗೆ ಮುಖ ಮಾಡಿ ನಿಂತಿರುತ್ತಿದ್ದೆ. ಅಪ್ಪನಿಗೆ ಇದನ್ನು ಎರಡು ಸಲ ಓದಿ ಹೇಳು.

ನಿಮ್ಮ,
ತಿರುಪು


ಮೇ 26

ಮಗಳೇ,

ಇದನ್ನು ಎದುರು ಮನೆಯ ಟೈಲರಮ್ಮ ಬರೆದುಕೊಡುತ್ತಿದ್ದಾರೆ. ನಿನ್ನಕ್ಕ ಕೆಲಸಕ್ಕೆ ಹೋಗಿದ್ದಾಳೆ. ಅವಳ ಕೈಯಲ್ಲಿ ಬರೆಸುವ ಕಾಗದವಲ್ಲ ಇದು. (ಅಕ್ಷರ ಸೊಟ್ಟಗಿದ್ದರೆ ಬೈಯಬೇಡಮ್ಮ, ನನಗೆ ಕತ್ತರಿ ಹಿಡಿದೇ ಅಭ್ಯಾಸ. ಟೈಲರಮ್ಮ.)

ನಿನಗೆ ಸೀಟು ಸಿಕ್ಕಿದ್ದು ಕೇಳಿ ನನಗೆ ಸಂತೋಷವಾಗಿದೆ. ಮೊದಲು ಅದನ್ನು ನಂಬು, ಆಮೇಲೆ ಮುಂದಿನದನ್ನು ಓದು.

ನಿನ್ನಕ್ಕನೂ ಅದೇ ವಿಭಾಗಕ್ಕೆ ಅರ್ಜಿ ಹಾಕಿದ್ದಳು. ಅಲ್ಲಿಂದ ಕಾಗದ ಬರುವವರೆಗೆ ನನಗೂ ಹೇಳಿರಲಿಲ್ಲ. ಕೊಂಡಿ ಮಾಡಿದ್ದು ಯಾರು ಅಂತ ಕೇಳಿದ್ದರು. ಮಗಳೇ, ಮಾಡಿದ್ದು ಅವಳು. ನಿನ್ನಮ್ಮ ಹೋದ ಮೇಲೆ ನೀನು ನಾಲ್ಕು ತಿಂಗಳು ಬಾಯಿ ಬಿಟ್ಟಿರಲಿಲ್ಲ. ಡಾಕ್ಟರ ಹತ್ತಿರ ತೋರಿಸಿ ಆಗಿತ್ತು. ಆ ದಿನ ಎಲ್ಲ ಮುಗಿದ ಮೇಲೆ ಕೊನೆಯ ತಿರುಪನ್ನು ನಿನ್ನ ಕೈಯಲ್ಲಿ ಬಿಗಿಸಿದೆ. ನಮ್ಮ ರೂಢಿಯಂತೆ ನಿನ್ನ ಹೆಸರನ್ನೇ ಬರೆದೆ. ನೀನು ಅದನ್ನು ಗಟ್ಟಿಯಾಗಿ ಓದಿದೆ. ನಾಲ್ಕು ತಿಂಗಳಾದ ಮೇಲೆ ನಿನ್ನ ಗಂಟಲು ಕೇಳಿದ್ದು ಅದೇ ಮೊದಲು. ನಾನು ಪುಸ್ತಕ ತಿದ್ದಲು ಹೋದಾಗ ನಿನ್ನಕ್ಕನೇ ಕೈ ಹಿಡಿದು, "ಇರ್ಲಿ ಬಿಡಪ್ಪ" ಅಂದಳು. ಅವತ್ತಿನಿಂದ ಹಾಗೆಯೇ ಉಳಿಯಿತು. ಮನೆಯಲ್ಲಿ ಅದನ್ನೇ ಹೇಳಿ ಹೇಳಿ ನಿನ್ನನ್ನು ಬೆಳೆಸಿದೆವು.

ಅವರಿಗೆ ನಾನು ನಿಜ ಬರೆಸಿದೆ. ಮಾಡಿದ್ದು ಹಿರಿಯವಳು, ಕಿರಿಯವಳಿಗೆ ಗೊತ್ತಿಲ್ಲ, ತಪ್ಪು ನನ್ನದು ಅಂತ. ನಿನ್ನ ಸೀಟು ಹೋಗುತ್ತದೆ ಅಂತ ತಿಳಿದೇ ಬರೆಸಿದೆ. ನಿನಗೆ ಕೆಟ್ಟದ್ದು ಮಾಡಿದೆ, ಅದನ್ನು ನನ್ನ ಬಾಯಿಂದಲೇ ನೀನು ಕೇಳಬೇಕು. ಅವಳು ಹತ್ತು ವರ್ಷ ಬಿಟ್ಟುಕೊಟ್ಟಿದ್ದು ಸಾಕು ಅನ್ನಿಸಿತು. ಅವಳು ಬೇಡ ಅಂತ ಒಂದು ದಿನವೆಲ್ಲ ಮುಖ ಊದಿಸಿಕೊಂಡಿದ್ದಳು. ಆಮೇಲೆ ಬರೆದಳು, ಬರೆದದ್ದನ್ನು ನನಗೆ ಓದಿ ಹೇಳಿದಳು. ಒಂದು ಪದ ಅತ್ತಿತ್ತ ಆಗಿರಲಿಲ್ಲ.

ಆದರೂ ಸೀಟು ನಿನಗೆ ಕೊಟ್ಟಿದ್ದಾರೆ. ಅವಳದು ಸುಳ್ಳು ಅಂತ ತಳ್ಳಿಹಾಕಿದ್ದಾರೆ. ಅವಳು, "ಹೋಗ್ಲಿ ಬಿಡಪ್ಪ, ದೊಡ್ಡೋರ ಲೆಕ್ಕ ನಮಗೇನು ಗೊತ್ತಾಗುತ್ತೆ" ಅನ್ನುತ್ತಾಳೆ. ನನಗೆ ಬಿಡಲು ಆಗುತ್ತಿಲ್ಲ. ನಲವತ್ತು ವರ್ಷ, ಇದು ಸರಿಯಿದೆ ಅಂತ ನಾನು ರುಜು ಹಾಕಿದರೆ ಜನ ಮಕ್ಕಳನ್ನು ಎತ್ತಿಕೊಂಡು ಲಿಫ್ಟ್ ಹತ್ತುತ್ತಿದ್ದರು. ಈಗ ನನ್ನ ಮಾತನ್ನು ಯಾರೂ ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ಬೆಳಿಗ್ಗೆ ಎದ್ದರೆ ಅದೇ ಯೋಚನೆ. ನೀನು ಅಲ್ಲೇ ಇದ್ದೀಯ. ನಿನಗೆ ಕಷ್ಟವಾಗದಿದ್ದರೆ ಆಫೀಸಿನಲ್ಲಿ ಕೇಳು, ನನ್ನ ಕಾಗದದಲ್ಲಿ ಏನು ತಪ್ಪಿತ್ತು ಅಂತ.

ನಿನ್ನ,
ಅಪ್ಪ


ಜೂನ್ 6

ಅಪ್ಪನಿಗೆ,

ಇದನ್ನು ಟೈಲರಮ್ಮನ ವಿಳಾಸಕ್ಕೆ ಕಳಿಸಬಹುದಿತ್ತು. ಬೇಕೆಂದೇ ಮನೆಗೆ ಕಳಿಸಿದ್ದೇನೆ. ಅಕ್ಕಾ, ನೀನೇ ಓದು. ಒಂದು ಸಾಲೂ ಹಾರಿಸದೆ ಓದು.

ಅಪ್ಪ, ನೀನು ಹೇಳಿದಂತೆ ಆಫೀಸಿಗೆ ಹೋಗಿದ್ದೆ. ಅಲ್ಲಿ ಕಡತ ನೋಡಿಕೊಳ್ಳುವ ಹೆಂಗಸು ಮೊದಲು ಆಗುವುದಿಲ್ಲ ಅಂದರು. ನಾನು ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟೆ. ಊಟದ ಹೊತ್ತಾದರೂ ಏಳಲಿಲ್ಲ. ಕೊನೆಗೆ, "ನಿಮ್ಮ ಪರವಾಗೇ ಇದೆಯಲ್ಲಮ್ಮ, ನೋಡ್ಕೊಳ್ಳಿ" ಅಂತ ತೆರೆದು ತೋರಿಸಿದರು.

ಅವರು ನಿನ್ನ ಮಾತನ್ನು ತಳ್ಳಿಹಾಕಿಲ್ಲ ಅಪ್ಪ. ನಿನ್ನ ಮಾತು ಅಲ್ಲಿಗೆ ಹೋಗಲೇ ಇಲ್ಲ. ನೀನು ಹೇಳಿದ್ದೊಂದು, ಹಾಳೆಯ ಮೇಲೆ ಇದ್ದದ್ದು ಇನ್ನೊಂದು. ಕಿರಿಯವಳು ಮಾಡಿದ್ದು, ಹಿರಿಯವಳು ಟಾರ್ಚ್ ಹಿಡಿದಿದ್ದಳು, ಆಸೆಗೆ ಬಿದ್ದು ಬರೆದಿದ್ದಾಳೆ ಅಂತ ಇತ್ತು. ಅಕ್ಕನ ಅಕ್ಷರ. ಕೆಳಗೆ ನಿನ್ನ ರುಜು. ನಿನಗೆ ಓದಿ ಹೇಳಿದ್ದು ಆ ಹಾಳೆಯಲ್ಲಿ ಇರಲೇ ಇಲ್ಲ.

ಅಕ್ಕಾ, ಇಲ್ಲಿ ನಿಲ್ಲಿಸಬೇಡ.

ನಿನ್ನನ್ನು ಯಾರು ಕೇಳಿದರು? ನನಗೆ ಒಂದು ಮಾತು ಬರೆದಿದ್ದರೆ ಸಾಕಿತ್ತು. ಫೆಬ್ರವರಿಯಲ್ಲಿ, ಅರ್ಜಿ ಹಾಕುವ ಮೊದಲು. ಅಳುತ್ತಿದ್ದೆ, ನಿನ್ನ ಜೊತೆ ಮಾತು ಬಿಡುತ್ತಿದ್ದೆ, ಆಮೇಲೆ ತೊಟ್ಟಿಯ ಗಂಟೆಯ ಬಗ್ಗೆ ಬರೆಯುತ್ತಿದ್ದೆ. ನೀನು ನನ್ನನ್ನು ಇನ್ನೂ ಬಾಯಿ ಬಿಡದ ಹುಡುಗಿ ಅಂತಲೇ ತಿಳಿದುಕೊಂಡಿದ್ದೀಯ. ನನಗೆ ನಿನ್ನ ಮೇಲೆ ಎಷ್ಟು ಸಿಟ್ಟಿದೆ ಅಂದರೆ, ಮೊದಲು ಬರೆದ ಎರಡು ಹಾಳೆ ಹರಿದುಹಾಕಿದೆ.

ಆ ದಿನ ನೆನಪಿದೆ ಅಂತ ಬರೆದಿದ್ದೆನಲ್ಲ. ಅದು ಸುಳ್ಳಲ್ಲ. ಪಟ್ಟಿ ಬಗ್ಗಿದ್ದು ಈಗಲೂ ಕಾಣುತ್ತದೆ. ಮೊನ್ನೆ ಬೆಂಚಿನ ಮೇಲೆ ಕೂತು ಅದನ್ನೇ ಮತ್ತೆ ಮತ್ತೆ ನೋಡಿದೆ. ಇಕ್ಕಳ ಹಿಡಿದ ಕೈಯ ಹೆಬ್ಬೆರಳಿನ ಮೇಲೆ ಉದ್ದಕ್ಕೆ ಸುಟ್ಟ ಕಲೆ ಇದೆ. ನನ್ನ ಹೆಬ್ಬೆರಳ ಮೇಲೆ ಯಾವ ಕಲೆಯೂ ಇಲ್ಲ. ಹತ್ತು ವರ್ಷ ನಿನ್ನ ಕೈಯನ್ನು ನನ್ನದು ಅಂದುಕೊಂಡು ಬದುಕಿದ್ದೇನೆ ಅಕ್ಕಾ. ಅದನ್ನು ತೆಗೆದರೆ ನಾನು ಇಲ್ಲಿಗೆ ಯಾಕೆ ಬಂದೆ ಅಂತಲೇ ನನಗೆ ಗೊತ್ತಾಗುತ್ತಿಲ್ಲ.

ಅಪ್ಪ, ಮುಖ್ಯಸ್ಥರ ಬಳಿ ಹೋಗಿ ಎಲ್ಲ ಹೇಳಿದೆ. ಒಳ್ಳೆಯ ಮನುಷ್ಯ, ಕನ್ನಡಕ ತೆಗೆದಿಟ್ಟು ಕೇಳಿಸಿಕೊಂಡರು. "ನೀನು ಹೇಳದೇ ಇದ್ದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ" ಅಂದರು. ನನ್ನ ಅಪ್ಪನಿಗೆ ಗೊತ್ತಿದೆ ಸರ್, ಅವರು ದಿನಾ ಬೆಳಿಗ್ಗೆ ಅದನ್ನೇ ಯೋಚನೆ ಮಾಡ್ತಾರೆ ಅಂದೆ. ನನ್ನ ಹೆಸರು ಹೊಡೆದುಹಾಕಿದರು. ಗೊತ್ತಿಲ್ಲದೆ ಬರೆದಿದ್ದರೂ ನಿಯಮ ನಿಯಮವೇ ಅಂತೆ. ಬೇರೆ ವಿಭಾಗಗಳೆಲ್ಲ ತುಂಬಿವೆ, ನಾನು ಬೇರೆ ಆಯ್ಕೆ ಬರೆದೂ ಇರಲಿಲ್ಲ. ಹಾಗಾದರೆ ಅಕ್ಕನಿಗೆ ಕೊಡಿ ಅಂತ ಕೇಳಿದೆ. ಕೆಲಸದಲ್ಲಿರುವವರ ಎರಡು ಸೀಟೂ ಮೇ ತಿಂಗಳಲ್ಲೇ ಹೋಗಿವೆಯಂತೆ. ಮುಂದಿನ ವರ್ಷ ಅಂದೆ. ಅವಳ ಹುಟ್ಟಿದ ತಾರೀಕು ನೋಡಿ, ಅಷ್ಟರಲ್ಲಿ ಇಪ್ಪತ್ತೆಂಟು ತುಂಬಿರುತ್ತದೆ ಅಂತ ತಲೆ ಅಲ್ಲಾಡಿಸಿದರು. ಅಕ್ಕನ ನಕ್ಷೆಯನ್ನು ಅವರು ಇನ್ನೂ ಮೇಜಿನ ಮೇಲೆ ಇಟ್ಟುಕೊಂಡಿದ್ದಾರೆ. ಇಷ್ಟು ಚೊಕ್ಕ ಕೆಲಸವನ್ನು ಈ ವರ್ಷ ಬೇರೆ ಯಾವ ಅರ್ಜಿಯಲ್ಲೂ ನೋಡಲಿಲ್ಲ ಅಂದರು. ಅದನ್ನು ಕೇಳಿಸಿಕೊಂಡು ಹೊರಗೆ ಬಂದೆ.

ಹಾಗಾಗಿ ಯಾರಿಗೂ ಇಲ್ಲ. ನಮ್ಮ ಮೂವರಲ್ಲಿ ಯಾರಿಗೆ ಹೆಚ್ಚು ನೋವು ಮಾಡಿದೆನೋ ಗೊತ್ತಿಲ್ಲ, ನನ್ನನ್ನೂ ಸೇರಿಸಿಯೇ ಮೂವರು.

ಅಕ್ಕಾ, ಶನಿವಾರ ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆ. ಬಾಗಿಲಲ್ಲಿ ಅಪ್ಪ ನನ್ನನ್ನು ಕೇಳುವ ಮೊದಲ ಪ್ರಶ್ನೆಯಲ್ಲೇ ನೀನು ಇದನ್ನು ಓದಿದೆಯೋ ಇಲ್ಲವೋ ಗೊತ್ತಾಗುತ್ತದೆ. ಕ್ಲಾಸು ಯಾವಾಗ ಶುರು ಅಂತ ಕೇಳಿದರೆ, ನಿನ್ನೆದುರಿಗೇ ನಾನು ಓದಿ ಹೇಳಬೇಕಾಗುತ್ತದೆ. ನನ್ನ ಕೈಯಲ್ಲಿ ಅದನ್ನು ಮಾಡಿಸಬೇಡ.

ಇಂತು,
ಕಿರಿಯ ಮಗಳು